ಹಗರಣಕ್ಕಿಂತ ಕಡತ ಗಟ್ಟಿ

1976ರ ಅಕ್ಟೋಬರಿನಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕಾಂಟೆಂಪೊರರಿ ಆರ್ಟ್ಸ್‌ನಲ್ಲಿ ‘ಪ್ರಾಸ್ಟಿಟ್ಯೂಷನ್’ ಎಂಬ ಪ್ರದರ್ಶನ ನಡೆಯಿತು. ನಡೆಸಿದ್ದು ಹಲ್ ಬಂದರುಪಟ್ಟಣದಲ್ಲಿ ಹುಟ್ಟಿದ ಕೂಮ್ ಟ್ರಾನ್ಸ್‌ಮಿಷನ್ಸ್ ತಂಡ. ತಂಡದ ಕೋಸಿ ಫ್ಯಾನಿ ಟುಟಿ ರೂಪದರ್ಶಿಯಾಗಿದ್ದ ಅಶ್ಲೀಲ ಪತ್ರಿಕೆಗಳ ಪುಟಗಳು, ಬಳಸಿದ ಟ್ಯಾಂಪನ್‌ಗಳಿಂದ ಮಾಡಿದ ಕೃತಿಗಳು ಅಲ್ಲಿದ್ದವು. ಸರ್ಕಾರದ ದುಡ್ಡಿನಲ್ಲಿ ಇದೆಂಥ ಕಲೆ ಎಂದು ಪತ್ರಿಕೆಗಳು ಮುಗಿಬಿದ್ದವು. ಕನ್ಸರ್ವೇಟಿವ್ ಸಂಸದ ನಿಕೊಲಸ್ ಫೇರ್‌ಬೇರ್ನ್ ಇವರನ್ನು ನಾಗರಿಕತೆಯನ್ನೇ ಹಾಳುಗೆಡವುವವರೆಂದು ಜರೆದರು. ತಂಡದ ಬಗ್ಗೆ ಬರೆಯುವಾಗ ಈ ನಿಂದೆಯನ್ನು ನೆನೆಯದ ಲೇಖನವಿಲ್ಲ. ಆದರೆ ಅದಕ್ಕಿಂತ ಸ್ವಾರಸ್ಯದ ಸಂಗತಿ ಗೋಡೆಯ ಮೇಲಿತ್ತು. ತಮ್ಮನ್ನು ಬೈದ ವರದಿಗಳನ್ನೇ ಕತ್ತರಿಸಿ, ಚೌಕಟ್ಟು ಹಾಕಿಸಿ, ತಂಡದವರು ಪ್ರದರ್ಶನಕ್ಕೆ ಸೇರಿಸುತ್ತ ಹೋದರು. ಇಂದಿನ ಬೈಗುಳ ನಾಳೆಯ ಕಲಾಕೃತಿ. ಕೋಪದಿಂದ ಬರೆದಷ್ಟೂ ವರದಿಗಾರ ಇವರ ಕೂಲಿಯಿಲ್ಲದ ಸಹಕಲಾವಿದನಾಗುತ್ತಿದ್ದ! ಇಡೀ ಪ್ರದರ್ಶನದಲ್ಲಿ ನಿಜಕ್ಕೂ ಹೊಸದೆನ್ನಬಹುದಾದದ್ದು ಇದೊಂದೇ.

ಇದೇ ಬುದ್ಧಿ ಅವರ ಸಂಗೀತಕ್ಕೂ ಹರಿಯಿತು. ಅದೇ ಪ್ರದರ್ಶನದ ಉದ್ಘಾಟನೆಯಂದು ತಂಡದ ಜೆನೆಸಿಸ್ ಪಿ-ಆರಿಜ್, ಕೋಸಿ, ಕ್ರಿಸ್ ಕಾರ್ಟರ್, ಪೀಟರ್ ಕ್ರಿಸ್ಟೋಫರ್‌ಸನ್ ‘ಥ್ರಾಬಿಂಗ್ ಗ್ರಿಸಲ್’ ಹೆಸರಿನಲ್ಲಿ ನುಡಿಸಿದರು. ಅವರ ಸ್ವಂತ ಕಂಪನಿ ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನಿಂದಲೇ ಒಂದು ಸಂಗೀತಪಂಥಕ್ಕೆ ಹೆಸರು ಬಂತು. 1977ರ ಮೊದಲ ಎಲ್‌ಪಿ ‘ದಿ ಸೆಕೆಂಡ್ ಆ್ಯನ್ಯುಯಲ್ ರಿಪೋರ್ಟ್’ ಮೊದಲಿಗೆ ಅಚ್ಚಾದದ್ದು ಬರೀ 785 ಪ್ರತಿ. ಕಛೇರಿಗಳನ್ನು ಕ್ಯಾಸೆಟ್ಟಿಗೆ ಹಿಡಿದು, ಗಂಟೆಯ ಲೆಕ್ಕದಲ್ಲಿ 24 ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನೂ ಮಾರಿದರು. ಅದರ ಕರ್ಕಶತೆಯನ್ನು ಪೂರ್ತಿ ಕೇಳಿಸಿಕೊಳ್ಳಲು ಭಕ್ತಿ ಬೇಕು. ರೂಢಿ ಕಂಪನಿಗಳ ಹಂಗಿಲ್ಲದೆ ಸಂಗೀತವನ್ನು ದಾಖಲಿಸಿ ಹಂಚುವ ದಾರಿಯನ್ನು ಮೆಚ್ಚಲು ಅದು ಬೇಕಿಲ್ಲ.

ಹಗರಣವಿಲ್ಲದಿದ್ದರೆ ಇವರನ್ನು ಯಾರು ಕೇಳುತ್ತಿದ್ದರು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕೂಗಾಟ ಹೆಸರು ತರಬಲ್ಲದು, ಉಳಿಸಲಾರದು. 2017ರಲ್ಲಿ ಹಲ್ ಬ್ರಿಟನ್ನಿನ ಸಂಸ್ಕೃತಿ ನಗರಿಯಾದಾಗ ಇದೇ ತಂಡದ ಹಳೆಯ ಕೆಲಸಗಳು ಅಲ್ಲಿಯೇ ಗೌರವದಿಂದ ಪ್ರದರ್ಶನಗೊಂಡವು. ಬೆಚ್ಚಿಬೀಳಿಸುವ ಶಕ್ತಿ ಅಷ್ಟರಲ್ಲಿ ಆವಿಯಾಗಿತ್ತು. ನೋಡಲು ಸಿಕ್ಕದ್ದು ಕಾಗದಪತ್ರ, ಚಿತ್ರ, ಧ್ವನಿಮುದ್ರಿಕೆ. ಕಡತ ಇಟ್ಟವರು ತಮ್ಮನ್ನೇ ಹೊಗಳಿಕೊಳ್ಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೆ ಉತ್ತರವೂ ಅದೇ ವರ್ಷ ಬಂತು. ಕೋಸಿ ತಮ್ಮ ದಿನಚರಿಗಳನ್ನು ಆಧರಿಸಿ ಬರೆದ ‘ಆರ್ಟ್ ಸೆಕ್ಸ್ ಮ್ಯೂಸಿಕ್’, ಜೆನೆಸಿಸ್ ತಮ್ಮ ಮೇಲೆ ದಬ್ಬಾಳಿಕೆ, ಹಿಂಸೆ ನಡೆಸಿದರೆಂದು ಆರೋಪಿಸಿತು. ಜೆನೆಸಿಸ್ ಅದನ್ನು ನಿರಾಕರಿಸಿದರು. ಸಮಾಜದ ಮುಖವಾಡ ಕಳಚುತ್ತೇವೆಂದ ತಂಡದ ಒಳಮನೆಯನ್ನೇ ಪ್ರಶ್ನೆಗೊಡ್ಡಲು ಯಾವ ಸಂಸದನ ರೋಷಕ್ಕೂ ಆಗಿರಲಿಲ್ಲ. ಒಬ್ಬ ಹೆಂಗಸಿನ ದಿನಚರಿಗೆ ಅದು ಸಾಧ್ಯವಾಯಿತು.