ಶಿವಪುರದಲ್ಲಿ ಹಾರಿದ್ದು ಯಾವ ಧ್ವಜ?

ಪ್ರಶ್ನೆ: 1938ರಲ್ಲಿ ಶಿವಪುರದಲ್ಲಿ ಹಾರಿಸಿದ್ದು ಇಂದಿನ ರಾಷ್ಟ್ರಧ್ವಜವೇ?
– ಓದುಗರೊಬ್ಬರು, ಅಕ್ಕಿಹೆಬ್ಬಾಳು, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ಅಲ್ಲ. ಕೇಸರಿ, ಬಿಳಿ, ಹಸಿರು ಇವೇ ಇದ್ದವು. ನಡುವೆ ಚಕ್ರದ ಬದಲು ಚರಕವಿತ್ತು. 1931ರಲ್ಲಿ ಕಾಂಗ್ರೆಸ್ ಒಪ್ಪಿದ ಬಾವುಟವದು. 24 ಅರಗಳ ಅಶೋಕಚಕ್ರ ಬಂದದ್ದು ಸಂವಿಧಾನ ಸಭೆ 1947ರ ಜುಲೈ 22ರಂದು ನಿರ್ಣಯಿಸಿದ ಮೇಲೆ.

ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಧ್ವಜವಿತ್ತು, ಅರಸರಿಗೆ ಜನರ ಗೌರವವೂ ಇತ್ತು. ಅಂಥ ನಾಡಿನಲ್ಲಿ ಈ ಬಾವುಟ ಹಾರಿಸಬಾರದೆಂಬ ನಿಷೇಧಾಜ್ಞೆ ಮೀರಿ, ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಸಾವಿರಾರು ರೈತರು ಸೇರಿದರೆಂಬುದೇ ದೊಡ್ಡ ಮಾತು. ಆ ಸಭೆಯ ಅಧ್ಯಕ್ಷರು ಟಿ. ಸಿದ್ದಲಿಂಗಯ್ಯ, ಅವರ ಬಂಧನವಾಯಿತು. ಎರಡೇ ವಾರದಲ್ಲಿ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಇದೇ ಬಾವುಟಕ್ಕಾಗಿ ಸೇರಿದವರ ಮೇಲೆ ಗೋಲಿಬಾರ್ ನಡೆದು ಪ್ರಾಣಗಳು ಹೋದವು. ಆಮೇಲಷ್ಟೇ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣವನ್ನೂ ಹಾರಿಸಲು ಅವಕಾಶ ಸಿಕ್ಕಿತು.

ಮದ್ದೂರಿನ ದಾರಿಯಲ್ಲಿ ಹೋಗುವಾಗ ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಇಳಿಯಿರಿ, ಮಕ್ಕಳನ್ನೂ ಕರೆದೊಯ್ಯಿರಿ.