ಅರ್ಧಕ್ಕೆ ನಿಂತ ಚಿಕಿತ್ಸೆಯ ಬೆನ್ನು ಹತ್ತಿದ ವೈದ್ಯ

ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ರೋಗಿ ಆಸ್ಪತ್ರೆಗೆ ಮರಳಿ ಬರುವುದಿಲ್ಲ, ಯಾಕೆ? ಡಾ. ರವಿ ಕಣ್ಣನ್ ಅವರ ನಿದ್ದೆಗೆಡಿಸಿದ ಪ್ರಶ್ನೆ ಇದು. ಗೆಡ್ಡೆ ತೆಗೆಯುವುದರಲ್ಲಿ ಪಳಗಿದ ಕೈ ಅವರದು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದವರು. ಡಾ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಹನ್ನೆರಡು ಹಾಸಿಗೆಗಳಿಂದ ಶುರುಮಾಡಿದ, ಡಾ. ವಿ. ಶಾಂತಾ ತಮ್ಮ ಇಡೀ ಬದುಕನ್ನು ತೇಯ್ದ ಸಂಸ್ಥೆ ಅದು. ಬಡವರ ಪಾಲಿನ ವೈದ್ಯ ಹೇಗಿರಬೇಕೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

ಅಂಥ ಹುದ್ದೆ ಬಿಟ್ಟು, ಹೆಂಡತಿ, ಮಗಳೊಂದಿಗೆ 2007ರಲ್ಲಿ ಅವರು ಹೋದದ್ದು ಅಸ್ಸಾಮಿನ ಬರಾಕ್ ಕಣಿವೆಯ ಸಿಲ್ಚಾರ್‌ಗೆ. ಊರಿನವರೇ ಸೊಸೈಟಿ ಕಟ್ಟಿಕೊಂಡು 1996ರಲ್ಲಿ ತೆರೆದಿದ್ದ ಕಾಛಾರ್ ಕ್ಯಾನ್ಸರ್ ಆಸ್ಪತ್ರೆ ಅಲ್ಲಿತ್ತು. ಅವರು ಹೋದಾಗ ಇದ್ದ ಸಿಬ್ಬಂದಿ 23 ಮಂದಿ.

ಅಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚು. ತಂಬಾಕು, ಅಡಿಕೆ ಅಗಿಯುವ ಅಭ್ಯಾಸವೇ ಮುಖ್ಯ ಕಾರಣ. ಅಡಿಕೆ ಬೆಳೆದು ಬದುಕುವ ನಾಡಿನವರಾದ ನಮಗೆ ಕೇಳಲು ಕಷ್ಟವೆನಿಸಿದರೂ, ಈ ಮಾತನ್ನು ಮುಚ್ಚಿಡುವಂತಿಲ್ಲ.

ರೋಗಿಗಳಲ್ಲಿ ಬಹುಪಾಲು ಚಹಾ ತೋಟದ ಕಾರ್ಮಿಕರು, ಗದ್ದೆಯಲ್ಲಿ ದುಡಿಯುವವರು, ದಿನಗೂಲಿಯವರು. ಒಮ್ಮೆ ಬಂದು ತೋರಿಸಿಕೊಂಡು ಹೋದರೆ ಮುಗಿಯಿತು. ಚಿಕಿತ್ಸೆಯನ್ನು ಕೊನೆಯವರೆಗೂ ಪಡೆಯುತ್ತಿದ್ದವರು ಶೇ. 28ರಷ್ಟು ಮಾತ್ರ. ಇದನ್ನು ಅಜ್ಞಾನ, ಉದಾಸೀನ ಎಂದು ತಳ್ಳಿಹಾಕುವುದು ಸುಲಭವಿತ್ತು. ಕಣ್ಣನ್ ಮತ್ತು ಸಂಗಡಿಗರು ಹಾಗೆ ಮಾಡದೆ ರೋಗಿಯ ಮನೆಯ ಲೆಕ್ಕಾಚಾರವನ್ನು ನೋಡಿದರು. ರೇಡಿಯೇಷನ್ ಎಂದರೆ ವಾರಗಟ್ಟಲೆ ಬರಬೇಕು. ಕೀಮೋ ಎಂದರೆ ತಿಂಗಳುಗಟ್ಟಲೆ. ರೋಗಿಯ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಮನೆಯಲ್ಲಿ ಒಲೆ ಉರಿಯದಿದ್ದಾಗ ಯಾವ ಗಂಡ, ಯಾವ ತಾಯಿ ಆಸ್ಪತ್ರೆಯ ಹಾಸಿಗೆಯಲ್ಲಿ ನೆಮ್ಮದಿಯಾಗಿ ಮಲಗಿಯಾರು?

ಹಾಗಾಗಿ ಬಡವರಿಗೆ ಚಿಕಿತ್ಸೆಯ ಜೊತೆಗೆ ಊಟ, ವಸತಿಯೂ ಉಚಿತವಾಯಿತು. ಜೊತೆಗೆ ಬಂದವರಿಗೆ ಆಸ್ಪತ್ರೆಯಲ್ಲೇ ತಾತ್ಕಾಲಿಕ ಕೆಲಸ ಸಿಕ್ಕಿತು. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಇಲ್ಲಿ. ಗಂಡ ಹೆಂಡತಿಯ ಹಾಸಿಗೆಯ ಹತ್ತಿರವೇ ಇರುತ್ತಾನೆ, ಸಂಜೆಗೆ ಕೂಲಿಯೂ ಕೈಗೆ ಬರುತ್ತದೆ. ಭಿಕ್ಷೆ ಬೇಡಿದಂತಾಗುವುದಿಲ್ಲ. ಬರಲಾಗದವರ ಮನೆಗೆ ಆಸ್ಪತ್ರೆಯವರೇ ದೂರ ದೂರ ಹೋಗಿ, ನೋವಿನ ಔಷಧ ಉಚಿತವಾಗಿ ಕೊಟ್ಟು, ಆರೈಕೆ ಮಾಡುವ ಬಗೆಯನ್ನು ಮನೆಯವರಿಗೆ ಕಲಿಸಿದರು. ಗುಣವಾಗುವ ಹಂತ ದಾಟಿದವರನ್ನೂ ಕೈಬಿಡಲಿಲ್ಲ. ಚಿಕಿತ್ಸೆ ಮುಂದುವರಿಸುವವರ ಪ್ರಮಾಣ ಶೇ. 70ಕ್ಕೇರಿತು. ಕಣ್ಣನ್ ಅವರಿಗೆ 2020ರಲ್ಲಿ ಪದ್ಮಶ್ರೀ, 2023ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಷ್ಟರಲ್ಲಿ ಆಸ್ಪತ್ರೆಯ ಸಿಬ್ಬಂದಿ 451 ಮಂದಿಯಾಗಿದ್ದರು.

ಎಲ್ಲರೂ ಸಿಲ್ಚಾರ್‌ಗೆ ಹೋಗಬೇಕಾಗಿಲ್ಲ. ರಾಯಚೂರು, ಬೀದರ್ ಕಡೆಯ ಹಳ್ಳಿಗಳಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವರೂ ಇದೇ ಲೆಕ್ಕ ಹಾಕುತ್ತಾರೆ. ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಗೆಲಸಕ್ಕೆ ಬರುವವರ ಕುಟುಂಬದಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸಿದವರಿದ್ದರೆ ಕಾರಣ ವಿಚಾರಿಸಿ. ಬಸ್ ಚಾರ್ಜು ಕೊಡಿ. ಸಾಧ್ಯವಾದರೆ, ಜೊತೆಗೆ ಹೋಗುವವರ ಅಂದಿನ ಕೂಲಿಯನ್ನೂ ಕೊಡಿ.