ಕಡವು, ಕಾಲುಸಂಕ, ಬಸ್ಸು: ಮಲೆನಾಡಿನ ಸಾರಿಗೆಯಲ್ಲಿ ಜನಪದ ವ್ಯವಸ್ಥೆ ಮತ್ತು ಸ್ಥಳೀಯ ಆಡಳಿತ

ಸಾರಿಗೆ ಎಂಬುದು ಎಂಜಿನಿಯರಿಂಗ್, ಅರ್ಥಶಾಸ್ತ್ರ, ಆಡಳಿತ ಶಾಸ್ತ್ರಗಳಿಗೆ ಸೇರಿದ ವಿಷಯವೆಂದು ಭಾವಿಸುವುದು ವಾಡಿಕೆ. ಜಾನಪದ ಅಧ್ಯಯನವು ದಾರಿಯನ್ನು ಕಂಡದ್ದು ಬಹುಪಾಲು ಹಾಡು, ಕಥೆ, ಒಗಟುಗಳ ಮೂಲಕ. ತವರಿನ ದಾರಿ, ಸಂತೆಯ ದಾರಿ, ಘಟ್ಟದ ದಾರಿ ನಮ್ಮ ಸಂಗ್ರಹಗಳಲ್ಲಿ ಧಾರಾಳವಾಗಿವೆ. ಆದರೆ ಆ ದಾರಿಯನ್ನು ಯಾರು ಸವರಿದರು, ಮಳೆಗಾಲ ಕಳೆದ ಮೇಲೆ ಯಾರು ಸರಿಪಡಿಸಿದರು, ಹೊಳೆ ದಾಟಿಸಿದವನಿಗೆ ಕೂಲಿಯನ್ನು ಯಾರು ಕೊಟ್ಟರು ಎಂಬ ಪ್ರಶ್ನೆಗಳನ್ನು ಸಂಗ್ರಹಕಾರರು ಅಷ್ಟಾಗಿ ಕೇಳಲಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದಾಗ ಕಾಣುವುದು ಒಂದು ಪ್ರದೇಶದ ಜನ ತಮ್ಮ ಸಂಚಾರವನ್ನು ತಾವೇ ಯೋಜಿಸಿ ನಡೆಸಿಕೊಂಡು ಬಂದ ವ್ಯವಸ್ಥೆ. ಇಂದಿನ ಪಂಚಾಯತಿಗಳ ಅಧಿಕಾರ ಮತ್ತು ಅಸಹಾಯಕತೆ ಎರಡನ್ನೂ ಅರಿಯಲು ಈ ಹಿನ್ನೆಲೆ ಅವಶ್ಯಕ. ಪ್ರಸ್ತುತ ಲೇಖನವು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡನ್ನೂ ಅದಕ್ಕೆ ತಾಗಿದ ಘಟ್ಟದ ಕೆಳಗಿನ ಭಾಗವನ್ನೂ ಮುಖ್ಯ ಕ್ಷೇತ್ರವಾಗಿ ಇಟ್ಟುಕೊಂಡಿದೆ.

ಮೊದಲಿಗೆ ಶಾಸನಗಳ ಸಾಕ್ಷ್ಯವನ್ನು ನೋಡಬಹುದು. ಬನವಾಸಿ ನಾಡಿನ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳೂ ಅವುಗಳ ವಸೂಲಿಗೆ ನೇಮಕಗೊಂಡ ಅಧಿಕಾರಿಗಳ ಹೆಸರುಗಳೂ ಬರುತ್ತವೆ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಒಂದು ಹೇರಿಗೆ ಇಷ್ಟೆಂದು ಕಟ್ಟುಮಾಡಿಕೊಂಡು ದೇವಾಲಯಗಳಿಗೆ ದತ್ತಿ ಬಿಟ್ಟ ಉದಾಹರಣೆಗಳು ಅನೇಕ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಾರಿಯ ಮೇಲೆ ಹುಟ್ಟಿದ ಹಣದ ಒಂದು ಪಾಲು ದಾರಿಯ ಬದಿಯ ಊರಿಗೇ ಉಳಿಯುತ್ತಿತ್ತು. ಸುಂಕದಕಟ್ಟೆ, ಸುಂಕಸಾಲೆ, ಉಕ್ಕಡ ಎಂಬ ಸ್ಥಳನಾಮಗಳು ಆ ಕಾಲದ ನಕ್ಷೆಯ ಚೂರುಗಳಂತೆ ಇಂದಿಗೂ ಉಳಿದಿವೆ.

ಘಟ್ಟದ ಮೇಲಿನ ಅಕ್ಕಿ, ಅಡಿಕೆ, ಮೆಣಸು ಕೆಳಗಿಳಿದು, ಕೆಳಗಿನ ಉಪ್ಪು, ಒಣಮೀನು, ತೆಂಗು ಮೇಲೇರುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಈ ಸಂಚಾರಕ್ಕೆ ವೇಳಾಪಟ್ಟಿ ಇರಲಿಲ್ಲವೆಂದು ತಿಳಿಯುವುದು ತಪ್ಪು. ಸಂತೆಗಳ ವಾರಗಳೇ ಅದರ ವೇಳಾಪಟ್ಟಿ. ಒಂದು ಪ್ರದೇಶದ ಅಕ್ಕಪಕ್ಕದ ಸಂತೆಗಳು ಒಂದೇ ದಿನ ಬೀಳದಂತೆ ಹಂಚಿಕೊಂಡದ್ದರಿಂದ ವ್ಯಾಪಾರಿಯು ವಾರವಿಡೀ ಒಂದು ಸುತ್ತು ಹಾಕಬಹುದಾಗಿತ್ತು. ಎತ್ತಿಗೆ ನೀರು, ಹೊರೆ ಇಳಿಸುವ ಕಲ್ಲು, ಅರವಟ್ಟಿಗೆ, ರಾತ್ರಿ ತಂಗಲು ಮಂಟಪ, ಇಳಿಜಾರಿನ ತುದಿಗೆ ಒಬ್ಬ ದೇವತೆ, ಇವೆಲ್ಲ ಆ ಸುತ್ತಿನ ಅಂಗಗಳು. ಹುಲಿಕಲ್ ಘಾಟಿಯ ಚಂಡಿಕಾಂಬಾ ಗುಡಿಯ ಮುಂದೆ ಇಂದಿಗೂ ಬಸ್ಸು, ಲಾರಿಗಳು ನಿಂತು ಕಾಣಿಕೆ ಹಾಕಿ ಮುಂದೆ ಸಾಗುತ್ತವೆ. ಇದನ್ನು ಕೇವಲ ಭಯಭಕ್ತಿ ಎನ್ನಲಾಗದು. ಕಡಿದಾದ ಇಳಿಜಾರಿಗೆ ಮುನ್ನ ಗಾಡಿ ಒಮ್ಮೆ ನಿಲ್ಲಲೇಬೇಕೆಂಬ ನಿಯಮವನ್ನು ಯಾವ ಫಲಕವೂ ಇಷ್ಟು ಚೆನ್ನಾಗಿ ಪಾಲಿಸುವಂತೆ ಮಾಡಿಲ್ಲ.

ಕಡವಿನ ವ್ಯವಸ್ಥೆ ಇನ್ನೂ ಸ್ಪಷ್ಟವಾದುದು. ಅಂಬಿಗನಿಗೆ ಊರಿನವರು ಸುಗ್ಗಿಯಲ್ಲಿ ಧಾನ್ಯ ಕೊಡುತ್ತಿದ್ದರು. ಹೊರಗಿನವರು ಕೈಕಾಸು ಕೊಡುತ್ತಿದ್ದರು. ಹೀಗೆ ನಿತ್ಯ ದಾಟುವವನಿಗೆ ಒಂದು ದರ, ದಾರಿಹೋಕನಿಗೆ ಇನ್ನೊಂದು. ಹೊತ್ತು ಮುಳುಗಿದ ಮೇಲೆ ಸೂಲಗಿತ್ತಿಯೋ ವೈದ್ಯನೋ ಬಂದು ಕೂಗಿದರೆ ಅಂಬಿಗ ಎದ್ದು ಬರಬೇಕೆಂಬುದು ಬರೆಯದ ಕರಾರು. ಕಾಲುಸಂಕದ ಕಥೆಯೂ ಇಂಥದೇ. ಮಳೆ ಹಿಡಿಯುವ ಮುನ್ನ ನಾಲ್ಕಾರು ಮನೆಯವರು ಸೇರಿ ಅಡಿಕೆ ಮರದ ದಬ್ಬೆಗಳನ್ನೋ ಕಾಡುಮರದ ದಿಮ್ಮಿಯನ್ನೋ ಹಳ್ಳಕ್ಕೆ ಅಡ್ಡ ಹಾಸಿ, ಬಳ್ಳಿಯಿಂದ ಬಿಗಿದು, ಕೈತಾಂಗಿಗೆ ಬಿದಿರು ಕಟ್ಟುತ್ತಿದ್ದರು. ಈ ಜ್ಞಾನವನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಕಾಲುಸಂಕ ಬಡವರ ಅನಿವಾರ್ಯತೆಯೂ ಹೌದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು. ಶಾಲೆಗೆ ಹೋಗುವ ಮಕ್ಕಳಿಗಾಗಿಯೇ ಕಿರುಸೇತುವೆಗಳನ್ನು ಕಟ್ಟುವ ‘ಶಾಲಾ ಸಂಪರ್ಕ ಸೇತು’ ಎಂಬ ಸರ್ಕಾರಿ ಯೋಜನೆ ಅದಕ್ಕೆ ಮೊದಲೇ ಬಂದಿತ್ತು. ಯಾವ ಹಳ್ಳಕ್ಕೆ ಸಂಕ ಮೊದಲು ಬೇಕೆಂಬುದು ಆ ಹಳ್ಳದ ಎರಡೂ ದಡದವರಿಗೆ ತಿಳಿದಷ್ಟು ಕಚೇರಿಯ ಪಟ್ಟಿಗೆ ತಿಳಿದಿರುವುದಿಲ್ಲ.

ಮೈಸೂರು ಸಂಸ್ಥಾನದ ಕಾಲದಲ್ಲಿ ಜಿಲ್ಲಾ ಬೋರ್ಡುಗಳು ರಸ್ತೆ, ಮುಸಾಫಿರಖಾನೆ, ಸಾಲುಮರಗಳ ಹೊಣೆ ಹೊತ್ತವು. ಕೋಲಾರದ ಜಿಲ್ಲಾ ಬೋರ್ಡು 1910ರ ದಶಕದಲ್ಲಿ ತನ್ನದೇ ಹೆಸರಿನ ಕಿರುಗೇಜು ರೈಲನ್ನು ಹೊಂದುವಷ್ಟು ಮುಂದೆ ಹೋಯಿತು. ಸ್ಥಳೀಯ ಸಂಸ್ಥೆಯೊಂದು ರೈಲನ್ನೇ ಹೊಂದಿತ್ತೆಂಬುದು ಇಂದು ಅಚ್ಚರಿಯಾಗಿ ಕೇಳಿಸೀತು. 1959ರ ಕಾಯಿದೆಯೊಡನೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಬಂದು ಹಳೆಯ ಜಿಲ್ಲಾ ಬೋರ್ಡುಗಳ ಯುಗ ಮುಗಿಯಿತು.

ಇತ್ತ ಮೋಟಾರು ಬಸ್ಸಿನ ಆಡಳಿತ ಬೇರೆಯೇ ದಾರಿ ಹಿಡಿದಿತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಖಾಸಗಿ ಬಸ್ಸಿಗೆ ಪರವಾನಗಿ ನೀಡುವ ಅಧಿಕಾರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. 1988ರ ಮೋಟಾರು ವಾಹನ ಕಾಯಿದೆಯೂ ಈ ಏರ್ಪಾಟನ್ನು ಉಳಿಸಿಕೊಂಡಿತು. ಐದು ವರ್ಷಗಳ ಬಳಿಕ, 1993ರಲ್ಲಿ, ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿಯಲ್ಲಿ ರಸ್ತೆ, ಮೋರಿ, ಸೇತುವೆ, ಕಡವು, ಜಲಮಾರ್ಗ ಮತ್ತು ಇತರ ಸಂಪರ್ಕ ಸಾಧನಗಳನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಲಾಯಿತು. ಕಡವು ಎಂಬ ಪದ ಸಂವಿಧಾನದಲ್ಲಿ ಸ್ಥಾನ ಪಡೆದದ್ದು ಸಣ್ಣ ಸಂಗತಿಯಲ್ಲ. ಆದರೆ ಬಸ್ಸು ಅಲ್ಲಿ ಹೆಸರಿನಿಂದ ಬರಲಿಲ್ಲ. ಪರಿಣಾಮವಾಗಿ ರಸ್ತೆಯ ಗುಂಡಿಗೆ ಗ್ರಾಮ ಪಂಚಾಯತಿ ಜನರಿಗೆ ಉತ್ತರಿಸಬೇಕು; ಅದೇ ರಸ್ತೆಯ ಮೇಲೆ ಬಸ್ಸು ಎಷ್ಟು ಹೊತ್ತಿಗೆ ಬರಬೇಕೆಂದು ಹೇಳುವ ಅಧಿಕಾರ ಅದಕ್ಕಿಲ್ಲ. ಗ್ರಾಮಸಭೆ ಠರಾವು ಮಾಡುತ್ತದೆ, ಡಿಪೋ ವ್ಯವಸ್ಥಾಪಕರಿಗೆ ಮನವಿ ಹೋಗುತ್ತದೆ, ಡಿಪೋ ಕಿಲೋಮೀಟರಿಗೆ ಬರುವ ಆದಾಯವನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಕಾಲೇಜು ಬಿಟ್ಟ ಹುಡುಗಿಯ ವಿದ್ಯಾಭ್ಯಾಸಕ್ಕೆ ಅಂಕಣವಿಲ್ಲ.

ಆದರೂ ಜನ ಬಸ್ಸನ್ನು ತಮ್ಮದಾಗಿಸಿಕೊಂಡ ರೀತಿ ಜಾನಪದದ ದೃಷ್ಟಿಯಿಂದ ಬಹು ಸ್ವಾರಸ್ಯಕರ. ರಾತ್ರಿ ಹಳ್ಳಿಯಲ್ಲಿ ತಂಗಿ ಬೆಳಿಗ್ಗೆ ಹೊರಡುವ ಬಸ್ಸಿಗೆ ಉತ್ತರ ಕರ್ನಾಟಕದಲ್ಲಿ ‘ವಸ್ತಿ ಬಸ್ಸು’ ಎನ್ನುತ್ತಾರೆ. ಮಲೆನಾಡಿನಲ್ಲಿ ‘ಹಾಲ್ಟಿಂಗ್ ಬಸ್ಸು’. ಅದರ ಚಾಲಕ, ನಿರ್ವಾಹಕರಿಗೆ ಮಲಗಲು ಗುಡಿಯ ಜಗಲಿಯೋ ಪಂಚಾಯತಿಯ ಕೋಣೆಯೋ ಸಿಗುತ್ತದೆ. ಬಿಸಿನೀರು, ಊಟ ಯಾರದೋ ಮನೆಯಿಂದ ಬರುತ್ತದೆ. ಅದಕ್ಕೆ ಪ್ರತಿಯಾಗಿ ಬಸ್ಸು ಪೇಟೆಯಿಂದ ಔಷಧ ತರುತ್ತದೆ, ಪತ್ರಿಕೆಯ ಕಟ್ಟನ್ನು ಎಸೆಯುತ್ತದೆ, ಮದುವೆಯ ಕರೆಯೋಲೆಯನ್ನು ತಲುಪಿಸುತ್ತದೆ, ಓಡಿ ಬರುವ ಮುದುಕಿಗಾಗಿ ಎರಡು ನಿಮಿಷ ಕಾಯುತ್ತದೆ. ಅಂಬಿಗನ ಬರೆಯದ ಕರಾರು ಇಲ್ಲಿ ನಿರ್ವಾಹಕನ ಮೇಲೆ ಬಂದು ಕುಳಿತಿದೆ. ಗಡಿಯಾರವಿಲ್ಲದ ಮನೆಗಳಲ್ಲಿ ‘ಎಂಟರ ಬಸ್ಸು ಹೋಯಿತು’ ಎಂಬುದೇ ಹೊತ್ತಿನ ಅಳತೆಯಾಗಿತ್ತು.

ಈ ಬಗೆಯ ಸಂಬಂಧವನ್ನು ಸಂಸ್ಥೆಯ ರೂಪಕ್ಕೆ ತಂದ ಪ್ರಯೋಗವೆಂದರೆ ಕೊಪ್ಪದ ‘ಸಹಕಾರ ಸಾರಿಗೆ’. ಖಾಸಗಿ ಸಾರಿಗೆ ಸಂಸ್ಥೆಯೊಂದರ ಕಾರ್ಮಿಕರು ಕೆಲಸ ಕಳೆದುಕೊಳ್ಳುವ ಸ್ಥಿತಿಯಲ್ಲಿ ತಾವೇ ಸಹಕಾರ ಸಂಘ ಕಟ್ಟಿಕೊಂಡು 1991ರಲ್ಲಿ ಬಸ್ಸುಗಳನ್ನು ಓಡಿಸತೊಡಗಿದರು. ಚಾಲಕನೂ ನಿರ್ವಾಹಕನೂ ಸಂಸ್ಥೆಯ ಪಾಲುದಾರರು. ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಒಳನಾಡಿಗೂ ಕರಾವಳಿಗೂ ಇದರ ಬಸ್ಸುಗಳು ಸಂಚರಿಸಿದವು; ವಿದ್ಯಾರ್ಥಿಗಳಿಗೆ ರಿಯಾಯಿತಿ ದೊರೆಯಿತು. ಸುಮಾರು ಮೂರು ದಶಕ ನಡೆದ ಈ ಸಂಸ್ಥೆ ನಷ್ಟದ ಹೊರೆಯಿಂದ 2020ರ ಫೆಬ್ರವರಿಯಲ್ಲಿ ಬಸ್ಸುಗಳನ್ನು ನಿಲ್ಲಿಸಿತು. ಡೀಸೆಲ್ ದರ, ತೆರಿಗೆ, ಪೈಪೋಟಿ ಎಲ್ಲವೂ ಕಾರಣವಾಗಿ ಚರ್ಚೆಗೆ ಬಂದವು. ಆದರೆ ರಿಯಾಯಿತಿಯ ಭಾರವನ್ನು ಸಂಸ್ಥೆಯೊಂದೇ ಹೊರಬೇಕಾಯಿತೇ ಹೊರತು ಅದರಿಂದ ಫಲ ಪಡೆದ ಪ್ರದೇಶದ ಯಾವ ಸ್ಥಳೀಯ ಸಂಸ್ಥೆಗೂ ಅದರಲ್ಲಿ ಪಾಲು ಇರಲಿಲ್ಲವೆಂಬುದು ಇಲ್ಲಿ ಮುಖ್ಯ. ಸುಗ್ಗಿಯ ಧಾನ್ಯವಿಲ್ಲದೆ ಅಂಬಿಗನು ಕೈಕಾಸಿನಿಂದಲೇ ದೋಣಿ ನಡೆಸಿದಂತಾಯಿತು. 2023ರ ಜೂನ್ 11ರಂದು ರಾಜ್ಯದಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಬಂದಾಗ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಮಲೆನಾಡು, ಕರಾವಳಿಯ ಹಳ್ಳಿಗಳ ಮಹಿಳೆಯರಿಗೆ ಅದರ ಫಲ ಕೈಗೆಟುಕಿದ್ದು ಕಡಿಮೆ. ಸರ್ಕಾರಿ ಬಸ್ಸು ಬೇಕೆಂಬ ಬೇಡಿಕೆ ಆಮೇಲೆ ಬಲಗೊಂಡದ್ದು ಸಹಜ.

ಹೊಳೆಯ ಪ್ರಶ್ನೆ ಅತ್ಯಂತ ತೀವ್ರವಾಗಿ ಕಂಡದ್ದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಲ್ಲಿ. 1940ರ ದಶಕದ ಹಿರೇಭಾಸ್ಕರ ಅಣೆಕಟ್ಟಿನ ಬಳಿಕ 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ನೀರು ಊರುಗಳನ್ನು ಮಾತ್ರವಲ್ಲ, ದಾರಿಗಳನ್ನೂ ನುಂಗಿತು. ಕರೂರು, ಬಾರಂಗಿ ಹೋಬಳಿಗಳು ತಾಲ್ಲೂಕು ಕೇಂದ್ರದಿಂದ ಬೇರೆಯಾದವು. ನೆರೆಹೊರೆಯ ಊರುಗಳು ಬೇರೆ ಬೇರೆ ದಡಗಳಾದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಲಾಂಚ್ ಬಂತು. ಆ ದಡಕ್ಕೆ ಜನ ಇಟ್ಟ ಹೆಸರು ‘ಹೊಳೆಬಾಗಿಲು’. ಬಾಗಿಲೆಂದ ಮೇಲೆ ಅದು ಮುಚ್ಚುವುದೂ ಉಂಟು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ತುಮರಿಯ ಕಡೆಯ ರೋಗಿಗೆ ಸಾಗರದ ಆಸ್ಪತ್ರೆ ಸುತ್ತುಬಳಸಿನ ದಾರಿಯಾಗುತ್ತಿತ್ತು. ಲಾಂಚ್ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯದು, ಬಸ್ಸು ಖಾಸಗಿಯವರದು, ದಡದ ರಸ್ತೆ ಇನ್ನೊಂದು ಇಲಾಖೆಯದು. ಬಸ್ಸು ತಡವಾದರೆ ಲಾಂಚ್ ಕಾಯುವುದು ಸಿಬ್ಬಂದಿಯ ಸೌಜನ್ಯದಿಂದಲೇ ಹೊರತು ನಿಯಮದಿಂದಲ್ಲ. ಸಿಗಂದೂರು ಚೌಡೇಶ್ವರಿಯ ಕ್ಷೇತ್ರ ಪ್ರಸಿದ್ಧಿಗೆ ಬಂದ ಮೇಲೆ ಭಕ್ತರ ವಾಹನಗಳ ಸಾಲಿನಲ್ಲಿ ಸ್ಥಳೀಯರೂ ನಿಲ್ಲಬೇಕಾಯಿತು. ನಿತ್ಯ ದಾಟುವವನನ್ನೂ ದಾರಿಹೋಕನನ್ನೂ ಬೇರೆಯಾಗಿ ಕಂಡ ಹಳೆಯ ಕಡವಿನ ವಿವೇಕವನ್ನೇ ಹಿನ್ನೀರಿನ ಜನ ಆದ್ಯತೆಯ ಬೇಡಿಕೆಯ ರೂಪದಲ್ಲಿ ಮತ್ತೆ ಮುಂದಿಟ್ಟರು. 2023ರ ಜೂನ್‌ನಲ್ಲಿ ಮಳೆ ತಡವಾಗಿ ನೀರಿನ ಮಟ್ಟ ಇಳಿದಾಗ ಲಾಂಚ್‌ನಲ್ಲಿ ವಾಹನ ಸಾಗಣೆಯೇ ನಿಂತಿತು.

ಇಲಾಖೆಗಳು ಒಟ್ಟಿಗೆ ಕೂರುವುದು ಅಸಾಧ್ಯವೇನಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಗೆ ಮುನ್ನ ದೇವಾಲಯದ ಸಮಿತಿ, ನಗರಸಭೆ, ಪೊಲೀಸರು, ಸಾರಿಗೆ ಸಂಸ್ಥೆಯವರು ಸಭೆ ಸೇರುತ್ತಾರೆ. ಯಾವ ಕಡೆಯ ಬಸ್ಸು ಎಲ್ಲಿ ನಿಲ್ಲಬೇಕು, ಹೆಚ್ಚುವರಿ ಬಸ್ಸು ಎಲ್ಲಿಂದ ಹೊರಡಬೇಕು, ಗಾಡಿಗಳು ಯಾವ ಬೀದಿಗೆ ಬರಬಾರದು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಲಕ್ಷಾಂತರ ಜನ ಬಂದು ಹೋಗುತ್ತಾರೆ. ಪ್ರಾದೇಶಿಕ ಸಾರಿಗೆ ಯೋಜನೆ ಎಂದು ಗ್ರಂಥಗಳು ಕರೆಯುವುದು ಇದನ್ನೇ. ಆದರೆ ಅದನ್ನು ಕೂಡಿಸುವ ಶಕ್ತಿ ಕಾಯಿದೆಯದಲ್ಲ, ಮಾರಿಯದು. ಜಾತ್ರೆ ಮುಗಿದ ಮೇಲೆ ಆ ಸಭೆ ಮತ್ತೆ ಸೇರುವುದಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಮೀರಿದ ಉದ್ದದ ಈ ಕೇಬಲ್ ಆಧಾರಿತ ಸೇತುವೆಗಾಗಿ ಹಿನ್ನೀರಿನ ಜನ ಆರು ದಶಕ ಕಾದಿದ್ದರು. ಹೊಳೆಬಾಗಿಲು ಈಗ ರಾತ್ರಿಯೂ ಮುಚ್ಚುವುದಿಲ್ಲ. ಸೇತುವೆಯನ್ನು ನಿರ್ಮಿಸಿದ್ದು ರಾಷ್ಟ್ರೀಯ ಹೆದ್ದಾರಿಯ ಲೆಕ್ಕದಲ್ಲಿ. ಅದರ ಮೇಲೆ ದೂರದ ಊರಿನ ಭಕ್ತರ ಕಾರುಗಳು ನಿರಾಯಾಸವಾಗಿ ಸಾಗುತ್ತಿವೆ. ಸೇತುವೆಯಿಂದ ಒಳಕ್ಕೆ, ಕರೂರು ಹೋಬಳಿಯ ಚದುರಿದ ಕೇರಿಗಳಿಗೆ ಹೋಗುವ ಬಸ್ಸಿನ ವೇಳೆಯನ್ನು ನಿರ್ಧರಿಸುವ ಕಡತ ಮಾತ್ರ ಈಗಲೂ ಗ್ರಾಮ ಪಂಚಾಯತಿಯ ಮೇಜಿಗೆ ಬರುವುದಿಲ್ಲ.